ಚಿಮಣಿ ಆಮೇಲೆ, ಮೊದಲು ಕಂಪ್ರೆಸರ್ ರೂಮ್ ನೋಡಿ

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಪೌಡರ್ ಕೋಟಿಂಗ್ ಯೂನಿಟ್ ಇದೆ ಸರ್, ಲೋಹಕ್ಕೆ ಪುಡಿಬಣ್ಣ ಹಾಕಿ ಓವನ್‌ನಲ್ಲಿ ಕಾಯಿಸುತ್ತೇವೆ. ಗಾಳಿ ಒತ್ತಿ ಕೊಡುವ 22 ಕಿಲೋವ್ಯಾಟ್ ಸ್ಕ್ರೂ ಕಂಪ್ರೆಸರ್ ಇದೆ, 500 ಲೀಟರ್‌ನ ಡೀಗ್ರೀಸಿಂಗ್ ಟ್ಯಾಂಕಿಗೆ (ಲೋಹದ ಜಿಡ್ಡು ತೊಳೆಯುವ ತೊಟ್ಟಿ) ಹೀಟರ್ ಹಾಕಿದ್ದೇವೆ. ಕರೆಂಟ್ ಬಿಲ್ ವಿಪರೀತ. ಓವನ್ ಚಿಮಣಿಯಲ್ಲಿ ಹೋಗುವ ಬಿಸಿಯಿಂದ ಟ್ಯಾಂಕ್ ಕಾಯಿಸಿಕೊಳ್ಳಿ ಅಂತ ಒಬ್ಬರು ಕೊಟೇಶನ್ ಕೊಟ್ಟಿದ್ದಾರೆ. ಹಾಕಿಸಬಹುದಾ? ಅದರಿಂದ ಕರೆಂಟನ್ನೇ ಮಾಡಿಕೊಳ್ಳಲು ಆಗುತ್ತದಾ?
— ಓದುಗರು, ಪೀಣ್ಯ

ಉತ್ತರ: ಕೊಟೇಶನ್ ಸದ್ಯಕ್ಕೆ ಪಕ್ಕಕ್ಕಿಡಿ. ಕಂಪ್ರೆಸರ್ ರೂಮಿನಲ್ಲಿ ಐದು ನಿಮಿಷ ನಿಂತರೆ ಬೆವರು ಇಳಿಯುತ್ತದೆ, ಅಲ್ವಾ? ಅದು ನೀವು ಬಿಲ್ ಕಟ್ಟಿದ ಕರೆಂಟೇ. ಸ್ಕ್ರೂ ಕಂಪ್ರೆಸರ್ ಎಳೆಯುವ ಕರೆಂಟು ಹೆಚ್ಚುಕಡಿಮೆ ಪೂರ್ತಿ ಬಿಸಿಯಾಗುತ್ತದೆ, ಅದರಲ್ಲಿ ಬಹುಪಾಲು ಕಂಪ್ರೆಸರ್ ಒಳಗಿನ ಆಯಿಲ್‌ಗೆ ಸೇರುತ್ತದೆ, ಆ ಆಯಿಲನ್ನು ಮತ್ತೆ ಫ್ಯಾನ್ ಹಾಕಿ ತಣ್ಣಗೆ ಮಾಡುತ್ತೀರಿ. ಆಯಿಲ್ ಸುಮಾರು 80–90 ಡಿಗ್ರಿ ಇರುತ್ತದೆ. ನಿಮ್ಮ ಟ್ಯಾಂಕಿಗೆ 55 ಇದ್ದರೆ ಸಾಕು. ಕೂಲರ್‌ಗಿಂತ ಮುಂಚೆ ಆಯಿಲ್ ಲೈನಿನಲ್ಲಿ ಒಂದು ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ (ಆಯಿಲಿನ ಬಿಸಿಯನ್ನು ತಗಡುಗಳ ಮೂಲಕ ನೀರಿಗೆ ದಾಟಿಸುವ ಸಾಧನ) ಕೂರಿಸಿದರೆ, ಅಜ್ಜಿಮನೆಯ ಕೋಡೊಲೆಯ ಹಾಗೆ, ಬೇರೆ ಸೌದೆ ಇಲ್ಲದೆ ಇನ್ನೊಂದು ಪಾತ್ರೆ ಕಾಯುತ್ತದೆ.

ಲೆಕ್ಕ ಹಾಕೋಣ. 500 ಲೀಟರ್ ನೀರು 25ರಿಂದ 55 ಡಿಗ್ರಿಗೆ ಏರಲು 17–18 ಯೂನಿಟ್ ಬೇಕು. ನಿಮ್ಮ ಕಂಪ್ರೆಸರ್ ಫುಲ್ ಲೋಡ್‌ನಲ್ಲಿ ಓಡಿದರೆ ಗಂಟೆಗೆ ಸುಮಾರು 15 ಯೂನಿಟ್‌ನಷ್ಟು ಬಿಸಿ ಕೊಡಬಲ್ಲದು. ಅರ್ಧ ಹೊತ್ತು ಅನ್‌ಲೋಡ್‌ನಲ್ಲೇ, ಅಂದರೆ ಗಾಳಿ ಒತ್ತದೆ ಸುಮ್ಮನೆ ತಿರುಗುತ್ತಾ ಇದ್ದರೆ ಅಷ್ಟು ಸಿಗಲ್ಲ, ಹಾಗಾಗಿ ಮೊದಲು ಕಂಪ್ರೆಸರಿನ ಮೀಟರಿನಲ್ಲಿ ಲೋಡ್ ಆದ ಗಂಟೆ ಎಷ್ಟು ಅಂತ ನೋಡಿ. ಬೆಳಗ್ಗೆ ಟ್ಯಾಂಕ್ ಕಾಯುವ ಹೊತ್ತಿಗೆ ಕಂಪ್ರೆಸರ್ ಇನ್ನೂ ತಣ್ಣಗಿರುತ್ತದೆ, ಆದ್ದರಿಂದ ಹೀಟರ್ ಕಿತ್ತು ಹಾಕಬೇಡಿ.

ಬೋರ್‌ವೆಲ್ ನೀರನ್ನು ಎಕ್ಸ್‌ಚೇಂಜರಿಗೆ ಖಂಡಿತ ಬಿಡಬೇಡಿ, ಬಿಳಿ ಪೊರೆ ಕಟ್ಟಿ ಪ್ಲೇಟ್‌ಗಳು ಮುಚ್ಚಿಕೊಳ್ಳುತ್ತವೆ. ಟ್ಯಾಂಕಿನ ಕೆಮಿಕಲ್ಲೂ ಬೇಡ. ಸಾಫ್ಟ್ ವಾಟರ್ ತುಂಬಿದ ಬೇರೆ ಲೈನ್ ಮಾಡಿ, ಟ್ಯಾಂಕಿನೊಳಗೆ ಕಾಯಿಲ್ ಇಳಿಸಿ. ಆಯಿಲ್ ತೀರಾ ತಣ್ಣಗಾಗಲೂ ಬಾರದು, ಗಾಳಿಯ ತೇವ ಅದರಲ್ಲಿ ನೀರಾಗಿ ಬೆರೆಯುತ್ತದೆ, ಬೇರಿಂಗ್ ಕೆಡುತ್ತದೆ. ಅದಕ್ಕೇ ಆಯಿಲಿನ ಬಿಸಿ ನೋಡಿಕೊಂಡು ದಾರಿ ಬದಲಿಸುವ ಥರ್ಮೋಸ್ಟಾಟ್ ವಾಲ್ವ್ ಬೇಕೇ ಬೇಕು.

ಇದೆಲ್ಲಕ್ಕಿಂತ ಮುಂಚೆ ಟ್ಯಾಂಕಿಗೆ ಒಂದು ಮುಚ್ಚಳ ಮಾಡಿಸಿ ಮಾರಾಯರೇ! ತೆರೆದ ನೀರಿನಿಂದ ಆವಿಯಾಗಿ ಹೋಗುವ ಬಿಸಿ ಕಡಿಮೆ ಏನಲ್ಲ.

ಓವನ್ ಚಿಮಣಿ? ಅದರ ಹೊಗೆಯಲ್ಲಿ ಬರುವ ಅಂಟು ಎಕ್ಸ್‌ಚೇಂಜರ್ ಮೇಲೆ ಕೂರುತ್ತದೆ, ತೊಳೆಯೋದೇ ಕೆಲಸ. ಕರೆಂಟ್ ಮಾಡುವ ಯೋಚನೆಯನ್ನಂತೂ ಬಿಡಿ. ಅದು ಸಿಮೆಂಟ್ ಕಾರ್ಖಾನೆಯಂಥವರಿಗೆ ಸರಿ, ಅಲ್ಲಿ ಇದಕ್ಕಿಂತ ಬಹಳ ಬಿಸಿಯಾದ ಗಾಳಿ ರಾಶಿರಾಶಿ ಹೋಗುತ್ತದೆ.

ಕಂಪ್ರೆಸರ್ ಇನ್ನೂ ವಾರಂಟಿಯಲ್ಲಿದ್ದರೆ, ಆಯಿಲ್ ಲೈನ್ ಮುಟ್ಟುವ ಮುಂಚೆ ಸರ್ವಿಸ್‌ನವರನ್ನು ಕೇಳಿ, ಒಪ್ಪಿಗೆಯನ್ನು ಬರಹದಲ್ಲೇ ತಗೊಳ್ಳಿ.