‘ಪಾಪ’ ಎನ್ನುವ ಮೊದಲು ಮಾಡನ್ನು ನೋಡಿ

ಪ್ರಿಯ ಲೇಖಕರೆ,

ಎಡಿನ್‌ಬರೋದಿಂದ ನೀವು ಕಳುಹಿಸಿದ ‘ಕಲ್ಲಿನಲ್ಲಿ ಅರಳಿದ ಕನಸುಗಳು’ ಲೇಖನ ತಲುಪಿತು. ಸ್ಕಾಟ್‌ಲೆಂಡಿನ ಫೈಫ್ ಪ್ರಾಂತ್ಯದ ಕೂರಸ್ ಊರಿನ ಬಿಳಿ ಮನೆಗಳನ್ನೂ ಲೂಯಿಸ್ ದ್ವೀಪದ ಆರ್ನಾಲ್‌ನಲ್ಲಿರುವ ‘ಕಪ್ಪುಮನೆ’ ಎಂಬ ಹುಲ್ಲುಮಾಡಿನ ಕಲ್ಲುಮನೆಯನ್ನೂ ಸ್ವತಃ ನೋಡಿ ಬರೆದಿದ್ದೀರಿ. ಭಾಷೆ ಶುದ್ಧವಾಗಿದೆ. ಕೂರಸ್ ಅರಮನೆಯ ಒಂದು ಭಾಗದಲ್ಲಿ ‘ಜಿ.ಬಿ. 1597’ ಎಂದೂ ಇನ್ನೊಂದರಲ್ಲಿ ‘ಎಸ್.ಜಿ.ಬಿ. 1611’ ಎಂದೂ ಇರುವುದನ್ನು ಗಮನಿಸಿ, ಅದನ್ನು ಕಟ್ಟಿಸಿದ ಕಲ್ಲಿದ್ದಲು ಮತ್ತು ಉಪ್ಪಿನ ವ್ಯಾಪಾರಿ ಜಾರ್ಜ್ ಬ್ರೂಸ್ ಆ ಎರಡು ವರ್ಷಗಳ ನಡುವೆ ಎಂದೋ ‘ಸರ್’ ಆದದ್ದನ್ನು ಆ ಒಂದು ಅಕ್ಷರದಿಂದಲೇ ಹೇಳಿಸಿದ್ದೀರಿ. ಶಭಾಷ್. ಹೊಗಳಿಕೆ ಇಲ್ಲಿಗೆ ಸಾಕು.

ಎರಡನೆಯ ಪುಟಕ್ಕೆ ಬರೋಣ. ‘ಹಾಲಿನಲ್ಲಿ ಮಿಂದಂತಿರುವ ಶ್ವೇತಭವನಗಳು ಮನಸ್ಸನ್ನು ಸೂರೆಗೊಳ್ಳುತ್ತವೆ.’ ಈ ವಾಕ್ಯವನ್ನು ನೀವು ಕೂರಸ್‌ಗೆ ಹೋಗದೆಯೂ ಬರೆಯಬಹುದಿತ್ತು. ಗೋಡೆ ಏಕೆ ಬಿಳುಪಾಗಿದೆ? ಕೈಯಿಂದ ಸವರಿ ನೋಡಿದಿರಾ? ನೋಡಿದ್ದರೆ ತರಿತರಿಯಾಗಿ ಹತ್ತಿರಬೇಕು. ಒಳಗಿರುವುದು ಅಂಕುಡೊಂಕಾದ ಕಾಡುಕಲ್ಲು. ಅದರ ಸಂದುಗಳಿಗೆ ಮಳೆ ಇಳಿಯದಂತೆ ಸುಣ್ಣ, ದಪ್ಪ ಮರಳು, ಸಣ್ಣ ಹರಳುಕಲ್ಲು ಕಲಸಿ ಕರಣೆಯಿಂದ ಗೋಡೆಗೆ ರಪ್ಪನೆ ಎರಚುತ್ತಾರೆ. ಬಳಿಯುವುದಲ್ಲ, ಎರಚುವುದು. ಹಾಗೆ ಬಿದ್ದ ಗಾರೆ ಕಲ್ಲಿಗೆ ಕಚ್ಚಿಕೊಳ್ಳುತ್ತದೆ. ಇದಕ್ಕೆ ಅಲ್ಲಿ ಹಾರ್ಲಿಂಗ್ ಎನ್ನುತ್ತಾರೆ. ಅದರ ಮೇಲೆ ಸುಣ್ಣದ ನೀರು, ಕೆಲವು ಕಡೆ ಕಾವಿಯ ಬಣ್ಣ ಬೆರೆಸಿದ್ದು. ನೀವು ವರ್ಣಿಸಿದ ಅರಮನೆಯೇ ಹಳದಿ ಕಾವಿಯ ಬಣ್ಣದ್ದಲ್ಲವೇ? ಹಾಲು ಎಲ್ಲಿಂದ ಬಂತು? ಇಪ್ಪತ್ತನೆಯ ಶತಮಾನದಲ್ಲಿ ಇಂಥ ಗೋಡೆಗಳಿಗೆ ಸುಣ್ಣದ ಬದಲು ಸಿಮೆಂಟ್ ಮೆತ್ತಿದವರ ಮನೆಗಳಲ್ಲಿ ಒಳಗೆ ಸೇರಿದ ತೇವ ಹೊರಬರಲಾಗದೆ ಕಲ್ಲೇ ಹಾಳಾಗತೊಡಗಿತು. ಬಿಳುಪಿನ ಹಿಂದೆ ಇಷ್ಟು ಕಥೆ ಇರುವಾಗ ನೀವು ಹಾಲು ಸುರಿದು ಮುಂದೆ ಹೋಗಿದ್ದೀರಿ.

ಅದೇ ಪುಟದಲ್ಲಿ ‘ಆಗಸಕ್ಕೆ ಏಣಿ ಹಾಕಿದಂಥ ಮೆಟ್ಟಿಲು ಮೆಟ್ಟಿಲಾದ ಗೋಡೆಯಂಚು’. ಕಾಗೆಮೆಟ್ಟಿಲು ಎಂದು ಹೆಸರಾದ ಅಂಚು ಅದು. ತ್ರಿಕೋನ ಗೋಡೆಯ ಓರೆಯನ್ನು ಮುಚ್ಚಲು ಉದ್ದನೆಯ ಚಪ್ಪಡಿಗಳನ್ನು ಓರೆಯಾಗಿ ಕಡೆದು, ಜಾರದಂತೆ ಕೂರಿಸಬೇಕು. ಚೌಕ ಕಲ್ಲುಗಳನ್ನು ಹಂತಹಂತವಾಗಿ ಇಟ್ಟುಬಿಟ್ಟರೆ ಆ ಫಜೀತಿ ಇಲ್ಲ. ಆಗಸದ ಗೊಡವೆ ಕಲ್ಲುಕುಟಿಗನಿಗೆ ಇರಲಿಲ್ಲ, ಕೂಲಿಯ ಲೆಕ್ಕ ಇತ್ತು.

ನಾನು ವಾರಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ಚಿತ್ರಗಳಿಗೆ ಅಡಿಬರಹ ಬರೆಯುವುದೇ ನನಗೆ ಸಿಕ್ಕ ಮೊದಲ ಕೆಲಸ. ನಮ್ಮ ಹಿರಿಯ ಉಪಸಂಪಾದಕರಿಗೆ ‘ಭವ್ಯ’, ‘ರಮಣೀಯ’ ಎಂಬ ಪದಗಳು ಕಂಡರೆ ಮೈ ಉರಿಯುತ್ತಿತ್ತು. ಹಾಳೆಯ ಅಂಚಿನಲ್ಲಿ ‘ಯಾವುದರಿಂದ? ಯಾರು?’ ಎಂದು ಬರೆದು ವಾಪಸು ಕಳುಹಿಸುತ್ತಿದ್ದರು. ಮಲೆನಾಡಿನ ತೊಟ್ಟಿಮನೆಯ ಚಿತ್ರ ಬಂದಾಗ ಕಂಬದ ಮರ ಯಾವುದೆಂದು ತಿಳಿದು ಬಾ ಎಂದು ನನ್ನನ್ನು ಮರದ ಅಡ್ಡೆಗೆ ಅಟ್ಟಿದರು. ಅಲ್ಲಿದ್ದ ಬಡಗಿಯೊಬ್ಬರು ಫೋಟೊವನ್ನು ಬೆಳಕಿಗೆ ಹಿಡಿದು, ಹಲಸು ಎಂದರು. ಮಧ್ಯಾಹ್ನವೆಲ್ಲ ಆ ಮೂರಕ್ಷರಕ್ಕೇ ಹೋಯಿತು. ಬೈದುಕೊಂಡೇ ಬಂದೆ. ಆದರೆ ಅಡಿಬರಹ ಅಚ್ಚಾದ ಮೇಲೆ ಅದರಲ್ಲಿ ನನಗೆ ಗೌರವವಿದ್ದ ಪದ ಅದೊಂದೇ.

ಇನ್ನು ನನಗೆ ನಿಜಕ್ಕೂ ಸಿಟ್ಟು ಬರಿಸಿದ ಭಾಗ. ಆರ್ನಾಲ್‌ನಲ್ಲಿ ನಿಮ್ಮ ಒಂದು ವಾಕ್ಯ ಹೀಗಿದೆ: ‘ಒಳಗೆ ಕಾಲಿಟ್ಟಾಗ ಕಣ್ಣಿಗೆ ಏನೂ ಕಾಣಲಿಲ್ಲ, ಮನೆ ಮೊದಲು ಮೂಗಿಗೆ ಸಿಕ್ಕಿತು.’ ಓದಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಬೆನ್ನಿಗೇ, ‘ಪಾಪ, ಶಿಲಾಯುಗದಂಥ ಈ ಗೂಡಿನಲ್ಲಿ ಹೊಗೆಕಂಡಿ ಹಾಕಬೇಕೆಂಬ ತಿಳಿವಳಿಕೆಯೂ ಇಲ್ಲದೆ ಬಡವರು ದನಗಳ ಜೊತೆ ಬದುಕು ಸವೆಸಿದರು’!

ಯಾವ ಶಿಲಾಯುಗ? ಅದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳ ಮನೆ. ನಿಮ್ಮ ಊರಿನ ಪಕ್ಕದ ಫೋರ್ತ್ ರೈಲು ಸೇತುವೆ ಉದ್ಘಾಟನೆಯಾದದ್ದು 1890ರಲ್ಲಿ. ಎರಡೂ ಹೆಚ್ಚುಕಡಿಮೆ ಒಂದೇ ಕಾಲದವು. 1960ರ ದಶಕದಲ್ಲೂ ಅಲ್ಲಿ ಜನ ಒಲೆ ಹೊತ್ತಿಸುತ್ತಿದ್ದರು. ತಿಳಿವಳಿಕೆಯ ಮಾತಿಗೆ ಬಂದರೆ, ನೆಲದ ನಡುವೆ ಉರಿಯುವ ಪೀಟ್ (ಜೌಗುನೆಲದಿಂದ ಕಡಿದು ಒಣಗಿಸಿದ ಉರುವಲು) ಬೆಂಕಿಯ ಹೊಗೆ ಹುಲ್ಲಿನ ಮಾಡಿನ ಮೂಲಕ ಸೋಸಿಕೊಂಡು ಹೋಗುತ್ತಿತ್ತು. ಮಸಿ ಹಿಡಿದ ಆ ಹುಲ್ಲನ್ನು ಕಿತ್ತು ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ದನಗಳ ಮೈಕಾವೂ ಮನೆಗೆ ಬೇಕಿತ್ತು, ಅದಕ್ಕೇ ಒಂದೇ ಸೂರು.

ಗೋಡೆಯನ್ನಂತೂ ನೀವು ‘ಒರಟು’ ಎಂಬ ಒಂದೇ ಪದದಲ್ಲಿ ಮುಗಿಸಿದ್ದೀರಿ. ಅದು ಒಂದು ಗೋಡೆಯಲ್ಲ, ಎರಡು. ಗಾರೆಯಿಲ್ಲದೆ ಜೋಡಿಸಿದ ಕಲ್ಲಿನ ಎರಡು ಸಾಲು, ನಡುವೆ ಬಿಗಿಯಾಗಿ ತುಂಬಿದ ಮಣ್ಣು. ಮಾಡು ಕೂತಿರುವುದು ಒಳಗಿನ ಸಾಲಿನ ಮೇಲೆ. ನಮ್ಮ ಕಡೆ ಗೋಡೆ ನೆನೆಯಬಾರದೆಂದು ಸೂರನ್ನು ಆಚೆಗೆ ಚಾಚುತ್ತೇವೆ. ಅಟ್ಲಾಂಟಿಕ್ ಗಾಳಿಯಲ್ಲಿ ಹಾಗೆ ಚಾಚಿದರೆ ಮಾಡೇ ಹಾರಿಹೋದೀತು. ಆದ್ದರಿಂದ ನೀರು ಗೋಡೆಯ ತಲೆಯ ಮೇಲೆಯೇ ಬೀಳುತ್ತದೆ, ನಡುವಿನ ಮಣ್ಣಿಗೆ ಇಳಿಯುತ್ತದೆ. ಒದ್ದೆಯಾದ ಆ ಮಣ್ಣು ಸಂದುಗಳಲ್ಲಿ ಗಾಳಿ ನುಗ್ಗದಂತೆ ತಡೆಯುತ್ತದೆ. ಮರವೇ ಅಪರೂಪವಾದ ದ್ವೀಪದಲ್ಲಿ ಹಗ್ಗಕ್ಕೆ ಕಲ್ಲು ಕಟ್ಟಿ ಹುಲ್ಲನ್ನು ಹಿಡಿದು ನಿಲ್ಲಿಸಿದವರಿಗೆ ನಿಮ್ಮ ಮರುಕ ಬೇಕಿಲ್ಲ.

ಕೂರಸ್‌ನ ಮನೆಗಳು ಉಳಿದದ್ದು ಹೇಗೆಂಬ ಮಾತೂ ನಿಮ್ಮಲ್ಲಿ ಇಲ್ಲ. ಹಳೆಯ ಕಟ್ಟಡಗಳನ್ನು ಕಾಪಾಡಲು 1931ರಲ್ಲಿ ಹುಟ್ಟಿದ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್‌ಲೆಂಡ್ ಸಂಸ್ಥೆ ಮರುವರ್ಷವೇ ಆ ಅರಮನೆಯನ್ನು 700 ಪೌಂಡ್‌ಗೆ ಕೊಂಡಿತು. ಒಂದು ಪ್ಯಾರಾ ಸೇರಿಸಿ, ಸಾಕು.

ಲೇಖನವನ್ನು ಮರಳಿಸುತ್ತಿದ್ದೇನೆ, ತಿರಸ್ಕರಿಸುತ್ತಿಲ್ಲ. ಶೀರ್ಷಿಕೆ ಬದಲಿಸಿ. ಆರ್ನಾಲ್‌ನಿಂದ, ಮೂಗಿನ ಆ ವಾಕ್ಯದಿಂದಲೇ ಆರಂಭಿಸಿ. ಅರಮನೆಯ ಮುಂದೆ ನೀವು ನಿಂತಿರುವ ಫೋಟೊಗಳು ಬೇಡ. ಕಪ್ಪುಮನೆಯ ಗೋಡೆಯ ತಲೆ ಕಾಣುವಂಥದ್ದೊಂದು ಇದ್ದರೆ ಅದನ್ನೇ ದೊಡ್ಡದಾಗಿ ಹಾಕೋಣ. ಅಡಿಬರಹ ನೀವೇ ಬರೆಯಬೇಕು.

ನಿಮ್ಮ,
ಸಂಪಾದಕ