‘ಮಾಯಾ’ ಹೆಸರಿನ ಅರ್ಥ: ಪ್ರತಿಕ್ರಿಯೆ

ಮಗಳಿಗೆ ಇಡಬೇಕೆಂದಿರುವ ‘ಮಾಯಾ’ ಎಂಬ ಹೆಸರಿಗೆ ಒಂದು ಪಟ್ಟಿ ಭ್ರಮೆ, ಇನ್ನೊಂದು ನೀರು, ಮತ್ತೊಂದು ತಾಯಿ ಎಂದು ಅರ್ಥ ಕೊಡುವುದಕ್ಕೆ, ಬೇರೆ ಬೇರೆ ಭಾಷೆಗಳ ಪದಗಳನ್ನು ಉಚ್ಚಾರಣೆಯ ಹೋಲಿಕೆಯಿಂದ ಒಂದೇ ನಮೂದಿಗೆ ಸೇರಿಸಿರುವುದೇ ಬಹುಶಃ ಕಾರಣ.

ಮೊದಲು ಮೂಲ ಭಾಷೆಯನ್ನು ನಿರ್ಧರಿಸಿಕೊಳ್ಳಿ. ‘ನೀರು’ ಎಂಬ ಅರ್ಥವು ಹೀಬ್ರೂ ಭಾಷೆಯ ‘ಮಯಿಮ್’ ಪದದೊಂದಿಗೆ ಹೆಸರನ್ನು ಜೋಡಿಸುವುದರಿಂದ ಬಂದದ್ದು. ‘ತಾಯಿ’ ಎಂಬುದು ಗ್ರೀಕಿನ ‘ಮಾಯಿಯಾ’, ಅಂದರೆ ಹರ್ಮಿಸ್ ದೇವತೆಯ ತಾಯಿಯ ಹೆಸರು, ಸೂಲಗಿತ್ತಿಗೂ ಅದೇ ಪದವಿತ್ತು. ಮಧ್ಯ ಅಮೆರಿಕದ ಮಾಯಾ ಜನಾಂಗಕ್ಕೂ ಇವಕ್ಕೂ ಸಂಬಂಧವಿಲ್ಲ.

ನಿಮ್ಮದು ಸಂಸ್ಕೃತದ ಹೆಸರಾದರೆ, ಅನಂತರ ಕಾಲವನ್ನು ಗಮನಿಸಿ. ಋಗ್ವೇದದ 6ನೆಯ ಮಂಡಲದಲ್ಲಿ ಇಂದ್ರನು ತನ್ನ ಮಾಯೆಗಳಿಂದ ಹಲವು ರೂಪ ತಾಳುತ್ತಾನೆ ಎಂದಿರುವಲ್ಲಿ ಆ ಪದ ಅಸಾಧಾರಣ ಶಕ್ತಿಯನ್ನು ಸೂಚಿಸುತ್ತದೆ. ಭ್ರಮೆ ಎಂಬ ಅರ್ಥ ಗಟ್ಟಿಯಾದದ್ದು ಮುಂದೆ, ವೇದಾಂತದಲ್ಲಿ. ಬುದ್ಧನ ತಾಯಿಯ ಹೆಸರೂ ಮಾಯಾ ಎಂಬುದನ್ನು ಹಿಂಜರಿಯುವ ಹಿರಿಯರಿಗೆ ತಿಳಿಸಬಹುದು.

ಕೊನೆಯದಾಗಿ, ‘ಗಾಯ ಮಾಯಿತು’ ಎನ್ನುವಾಗಿನ ಕನ್ನಡದ ‘ಮಾಯು’ ಬೇರೆಯೇ ಧಾತು. ವಾಸಿಯಾಗುವುದು ಎಂಬ ಅದರ ಅರ್ಥ ಎಷ್ಟೇ ಹಿತವೆನಿಸಿದರೂ ಹೆಸರಿನ ವ್ಯುತ್ಪತ್ತಿಯಾಗಿ ಬರೆಯಬೇಡಿ. ನಾಮಕರಣದ ಪತ್ರಿಕೆಯಲ್ಲಿ ‘ಮಾಯಾ, ಸಂಸ್ಕೃತ: ಅದ್ಭುತ ಶಕ್ತಿ’ ಎಂದಿಷ್ಟೇ ನಮೂದಿಸಿದರೆ ತಪ್ಪಾಗದು.