ಕಥೆಯ ಪಾತ್ರಗಳ ಗುಣವನ್ನು ಮೂರನೇ ತರಗತಿಯ ಮಕ್ಕಳಿಗೆ ಹೇಗೆ ಕಲಿಸುವುದು?

ಪಾತ್ರ ಎಂಥದ್ದು ಎಂದು ಕೇಳಿದರೆ ನಿಮ್ಮ ತರಗತಿಯ ಮಕ್ಕಳು ‘ಒಳ್ಳೆಯವರು’, ‘ಕೆಟ್ಟವರು’ ಎಂಬಲ್ಲಿಗೇ ನಿಲ್ಲುತ್ತಾರೆ ಎಂದು ಪ್ರಶ್ನೆಯಲ್ಲಿ ಬರೆದಿದ್ದೀರಿ. ಗುಣಗಳ ಪಟ್ಟಿಯನ್ನು ದಯವಿಟ್ಟು ಬಾಯಿಪಾಠ ಮಾಡಿಸಬೇಡಿ. ಪಾತ್ರ ಏನು ಮಾಡಿತು, ಏನು ಹೇಳಿತು ಎಂಬುದರಿಂದ ಆರಂಭಿಸಿ. ಗುಣವನ್ನು ಅವರೇ ಊಹಿಸಲಿ.

ನಿಮ್ಮ ಶಾಲೆ ಬೆಳಗಾವಿ ಜಿಲ್ಲೆಯಲ್ಲೇ ಇರುವುದರಿಂದ ಕಿತ್ತೂರಿನ ರಾಣಿ ಚೆನ್ನಮ್ಮನ ಕಥೆ ಹೇಳಿ. 1824ರ ಅಕ್ಟೋಬರ್‌ನಲ್ಲಿ ಕಿತ್ತೂರು ಕೋಟೆಯ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಹತನಾದ. ಸ್ಟೀವನ್‌ಸನ್, ಎಲಿಯಟ್ ಎಂಬ ಇಬ್ಬರು ಬ್ರಿಟಿಷ್ ಅಧಿಕಾರಿಗಳು ಸೆರೆಸಿಕ್ಕರು. ಯುದ್ಧ ನಿಲ್ಲಿಸುವುದಾಗಿ ಬ್ರಿಟಿಷರು ಕೊಟ್ಟ ಭರವಸೆಯ ಮೇಲೆ ರಾಣಿ ಚೆನ್ನಮ್ಮ ಅವರನ್ನು ಬಿಡುಗಡೆ ಮಾಡಿದರು. ಕಾದಾಡಿದ್ದು ಧೈರ್ಯ ಎಂದು ಎಲ್ಲ ಮಕ್ಕಳೂ ಹೇಳುತ್ತಾರೆ. ಆದರೆ ಸೆರೆಯಾಳುಗಳನ್ನು ಬಿಟ್ಟದ್ದು? ದಯೆಯೇ, ಮುಂದಾಲೋಚನೆಯೇ, ಕೊಟ್ಟ ಮಾತಿನ ಮೇಲಿನ ನಂಬಿಕೆಯೇ? ತರಗತಿ ಇಲ್ಲಿ ವಾದಕ್ಕಿಳಿಯುತ್ತದೆ. ಇಳಿಯಲೇಬೇಕು, ಕಲಿಕೆ ಇರುವುದೇ ಅಲ್ಲಿ. ಯಾವ ಉತ್ತರ ಬಂದರೂ “ಕಥೆಯ ಯಾವ ಸಂಗತಿಯಿಂದ ಹಾಗನ್ನಿಸಿತು?” ಎಂದು ಕೇಳಿ. ಆಧಾರ ತೋರಿಸಿದರೆ ಬೇರೆ ಬೇರೆ ಉತ್ತರಗಳನ್ನೂ ಒಪ್ಪಿಕೊಳ್ಳಿ.

ಭಾವನೆ ಮತ್ತು ಗುಣವನ್ನು ಮಕ್ಕಳು ಬೆರೆಸುತ್ತಾರೆ. ಒಮ್ಮೆ ಸಿಟ್ಟಾದವನು ಮುಂಗೋಪಿಯಲ್ಲ. ಅದೇ ನಡತೆ ಕಥೆಯಲ್ಲಿ ಮತ್ತೆಲ್ಲಿ ಕಾಣುತ್ತದೆ ಎಂದು ಹುಡುಕಿಸಿ. ಬರೆಯಲು ಹಿಂಜರಿಯುವ ಮಕ್ಕಳು ಆ ಸನ್ನಿವೇಶವನ್ನು ಅಭಿನಯಿಸಿ ತೋರಿಸಲಿ.